ಟೇಬಲ್ ಟೆನ್ನಿಸಿನಲ್ಲಿ ಮಾರ್ಗಭೇದ

ಆಟವೆಂಬುದು ಕಣ್ಣಿನಿಂದ ನೋಡಿ ಆನಂದಿಸತಕ್ಕದ್ದು, ಕಿವಿಗೆ ಅಲ್ಲಿ ಕೆಲಸವಿಲ್ಲ ಎಂದು ಹೇಳುವವರುಂಟು. ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ತಾವು ಆ ಮಾತನ್ನು ಒಪ್ಪಲಾರಿರಿ ಎಂದು ಬಲ್ಲೆ. ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಕೇಳುತ್ತ ಕುಳಿತವರಿಗೆ, ವಿವರಣೆಗಾರನು ಬಾಯಿ ತೆರೆಯುವ ಮುನ್ನವೇ ಬ್ಯಾಟಿನ ಸದ್ದಿನಿಂದ ಏಟು ಎಂಥದೆಂದು ತಿಳಿದುಬಿಡುವುದುಂಟಷ್ಟೆ. ಟೇಬಲ್ ಟೆನ್ನಿಸ್ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಮೊದಲು ಬಿದ್ದ ಹೆಸರೇ ಸದ್ದಿನ ಹೆಸರು, ಪಿಂಗ್‌ಪಾಂಗ್. ಅದರ ಚರಿತ್ರೆಯ ದೊಡ್ಡ ತಿರುವು ಬಂದದ್ದು ಆ ಸದ್ದು ಒಮ್ಮೆಗೇ ಅಡಗಿಹೋದಾಗ, ಅದೂ ನಮ್ಮ ಮುಂಬಯಿ ಪಟ್ಟಣದಲ್ಲಿ. ಆ ಕಥೆಯನ್ನೂ, ಅದರ ಹಿಂದುಮುಂದನ್ನೂ ತಮಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದು ಲೇಖನಿ ಹಿಡಿದಿದ್ದೇನೆ.

ಕನ್ನಡ ಪಂಡಿತನಿಗೂ ಈ ಮೇಜಿನ ಚೆಂಡಾಟಕ್ಕೂ ಎಲ್ಲಿಯ ನಂಟು ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ. ಈ ಆಟದ ಒಳಹುರುಳು ನನಗೆ ತಿಳಿದದ್ದೇ ಅಲಂಕಾರಶಾಸ್ತ್ರದ ಮೂಲಕ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ದಲ್ಲಿ ದಕ್ಷಿಣಮಾರ್ಗ, ಉತ್ತರಮಾರ್ಗ ಎಂದು ಕಾವ್ಯರಚನೆಯ ಎರಡು ಹಾದಿಗಳ ವಿಚಾರ ಬರುತ್ತದೆ. ಸಂಸ್ಕೃತದಲ್ಲಿ ದಂಡಿಯು ಅದಕ್ಕೂ ಮುಂಚೆ ವೈದರ್ಭ, ಗೌಡ ಎಂಬ ಹೆಸರಿನಿಂದ ಇಂಥದೇ ವಿಂಗಡಣೆಯನ್ನು ಮಾಡಿದ್ದನು. ಅಲ್ಲಿ ಮಾರ್ಗವೆಂದರೆ ಮೇಲೆ ಬಳಿದ ಬಣ್ಣವಲ್ಲ. ಅದೇ ಶಬ್ದ, ಅದೇ ವ್ಯಾಕರಣ, ಅದೇ ಛಂದಸ್ಸು ಕೈಯಲ್ಲಿದ್ದರೂ ಒಬ್ಬನು ಬಂಧವನ್ನು ಬಿಗಿಯುತ್ತಾನೆ, ಇನ್ನೊಬ್ಬನು ಸಡಿಲ ಬಿಡುತ್ತಾನೆ. ಟೇಬಲ್ ಟೆನ್ನಿಸಿನಲ್ಲಿಯೂ 9 ಅಡಿ ಉದ್ದ 5 ಅಡಿ ಅಗಲದ ಮೇಜು, 6 ಅಂಗುಲ ಎತ್ತರದ ನೆಟ್ಟು, 3 ಗ್ರಾಮೂ ತೂಗದ ಚೆಂಡು ಎಲ್ಲರಿಗೂ ಒಂದೇ. ಆದರೂ ಒಬ್ಬನು ಮೇಜಿಗೆ ಅಂಟಿ ನಿಂತು ಚೆಂಡು ಏಳುತ್ತಿದ್ದಂತೆಯೇ ಹೊಡೆಯುತ್ತಾನೆ. ಇನ್ನೊಬ್ಬನು ಹತ್ತು ಅಡಿ ಹಿಂದೆ ಸರಿದು, ನೆಲಕ್ಕೆ ಬೀಳಲಿರುವ ಚೆಂಡನ್ನು ಸವರಿ ಸವರಿ ಹಿಂದಕ್ಕೆ ಕಳಿಸುತ್ತಾನೆ. ಇಬ್ಬರೂ ಒಂದೇ ಆಟ ಆಡುತ್ತಿದ್ದಾರೆಂದು ಹೊಸಬನಿಗೆ ನಂಬಿಸುವುದು ಕಷ್ಟ.

ಹೊರಗಿನವನ ಕಣ್ಣಿಗೆ ಮೊದಲು ಬೀಳುವುದೇ ಈ ಭೇದ. ಸುಮಾರು 1520ರಲ್ಲಿ ನಮ್ಮ ಹಂಪೆಗೆ ಬಂದಿದ್ದ ಪೋರ್ತುಗೀಸ ಡೊಮಿಂಗೋ ಪಯಸ್ ಮಹಾನವಮಿಯ ಮಲ್ಲಯುದ್ಧವನ್ನು ನೋಡಿ, ಇದು ನಮ್ಮ ದೇಶದ ಕುಸ್ತಿಯ ಹಾಗಿಲ್ಲ ಎಂದೇ ವರ್ಣನೆಯನ್ನು ಪ್ರಾರಂಭಿಸುತ್ತಾನೆ. ಹಲ್ಲು ಮುರಿಯುವ ಏಟುಗಳನ್ನು ಕಂಡು ಅವನಿಗೆ ದಿಗಿಲಾಗಿರಬೇಕು. ನಾಲ್ಕು ಶತಮಾನಗಳ ತರುವಾಯ ಮುಂಬಯಿಯಲ್ಲಿ ಯೂರೋಪಿನ ಆಟಗಾರರಿಗೂ ಅಂಥದೇ ದಿಗಿಲು ಕಾದಿತ್ತು. ಅಲ್ಲಿಗೆ ಬರುವ ಮುಂಚೆ ಮೊದಲಿನಿಂದ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಅದೇ ಮೇಜಿನ ಮೇಲೆ ಆಡುತ್ತಿದ್ದ ಕಾಲಕ್ಷೇಪ ಇದು. 1900ರ ಸುಮಾರಿಗೆ ಹಗುರವಾದ ಸೆಲ್ಯುಲಾಯ್ಡ್ ಚೆಂಡು ಬಂತು. ಆಗಿನ ಬ್ಯಾಟು ನಮ್ಮ ತಮಟೆಯ ತಮ್ಮನಂತೆ, ಚೌಕಟ್ಟಿಗೆ ಚರ್ಮ ಬಿಗಿದದ್ದು. ಅದಕ್ಕೆ ತಾಗಿದರೆ ಒಂದು ಸದ್ದು, ಮೇಜಿಗೆ ತಾಗಿದರೆ ಇನ್ನೊಂದು. ಎರಡೂ ಸೇರಿ ಪಿಂಗ್‌ಪಾಂಗ್. ಆ ಹೆಸರನ್ನು ಒಂದು ಕಂಪನಿಯವರು ತಮ್ಮದೆಂದು ನೋಂದಾಯಿಸಿಕೊಂಡದ್ದರಿಂದಲೇ ಆಟಕ್ಕೆ ಟೇಬಲ್ ಟೆನ್ನಿಸ್ ಎಂಬ ಸಪ್ಪೆ ಹೆಸರು ಗತಿಯಾಯಿತು. 1902ರಲ್ಲಿ ಗುಡ್ ಎಂಬಾತನು ಔಷಧದ ಅಂಗಡಿಯ ಕಟ್ಟೆಯ ಮೇಲೆ ಹಾಸಿದ್ದ ರಬ್ಬರು ಚಾಪೆಯನ್ನು ಕಂಡು, ಅಂಥದನ್ನೇ ಕತ್ತರಿಸಿ ಹಲಗೆಯ ಬ್ಯಾಟಿಗೆ ಅಂಟಿಸಿದನೆಂದು ಪ್ರಚಲಿತವಾದ ಕಥೆಯಿದೆ. ಹಲಸಿನ ಹಣ್ಣಿನ ಸಿಪ್ಪೆಯಂತೆ ಸಣ್ಣ ಸಣ್ಣ ಮುಳ್ಳುಗಳೆದ್ದ ರಬ್ಬರು ಅದು. ಆಟಗಾರರು ಇವನ್ನು ಪಿಂಪಲ್ ಎನ್ನುತ್ತಾರೆ. ಈ ಮುಳ್ಳು ಚೆಂಡನ್ನು ಹಿಡಿದು ತಿರುಗಿಸಬಲ್ಲದು. ಅಲ್ಲಿಂದ ಆಟಕ್ಕೆ ತಿರುಗು ಬಂತು, ತಿರುಗಿನಿಂದ ಮಾರ್ಗಗಳು ಹುಟ್ಟಿದವು.

ಈ ತಿರುಗಿನ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಬ್ಯಾಟನ್ನು ಚೆಂಡಿನ ಮೇಲುಭಾಗಕ್ಕೆ ಸವರುತ್ತ ಹೊಡೆದರೆ ಚೆಂಡು ಗಾಡಿಯ ಗಾಲಿಯಂತೆ ಮುಂದಕ್ಕೆ ಉರುಳುತ್ತ ಹೋಗುತ್ತದೆ. ಗಾಳಿಯಲ್ಲಿ ಬೇಗನೆ ತಲೆ ಬಾಗಿಸಿ ಇಳಿದು, ಮೇಜನ್ನು ಮುಟ್ಟಿದೊಡನೆ ಮುಂದಕ್ಕೆ ಜಿಗಿಯುತ್ತದೆ. ಇದು ಟಾಪ್‌ಸ್ಪಿನ್, ಕನ್ನಡದಲ್ಲಿ ಮೇಲ್ಸುತ್ತು ಎನ್ನೋಣ. ಚೆಂಡಿನ ಹೊಟ್ಟೆಯ ಕೆಳಗೆ ಸವರಿದರೆ ಅದು ಹಿಮ್ಮುಖವಾಗಿ ಸುತ್ತುತ್ತ ತೇಲಿಕೊಂಡು ಬರುತ್ತದೆ. ಎದುರಾಳಿ ಎಚ್ಚರ ತಪ್ಪಿ ಬ್ಯಾಟು ಒಡ್ಡಿದರೆ ನೇರವಾಗಿ ನೆಟ್ಟಿಗೆ ಬೀಳುತ್ತದೆ. ಇದು ಕೆಳಸುತ್ತು. ಹೀಗೆ ಸವರುವ ಏಟಿಗೆ ಚಾಪ್ ಎಂದು ಹೆಸರು. ಇನ್ನು ಮುಂದಿನ ಚರಿತ್ರೆಯೆಲ್ಲ ಈ ಎರಡು ಸುತ್ತುಗಳ ಜಗಳವೇ.

1926ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಫೆಡರೇಷನ್ ಸ್ಥಾಪನೆಯಾಯಿತು. ಸ್ಥಾಪಕ ದೇಶಗಳ ಸಾಲಿನಲ್ಲಿ ಭಾರತವೂ ಇತ್ತೆಂಬುದನ್ನು ನಮ್ಮವರೇ ಬಹುಮಂದಿ ಮರೆತಿದ್ದಾರೆ. ಮೊದಲ ಹತ್ತು ವರ್ಷ ಹಂಗೆರಿಯವರ ರಾಜ್ಯಭಾರ. ಅವರ ವಿಕ್ಟರ್ ಬಾರ್ನಾ 1930ರಿಂದ 1935ರೊಳಗೆ ಐದು ಸಲ ವಿಶ್ವ ಚಾಂಪಿಯನ್ ಆದನು. ಆದರೆ ಆ ಕಾಲದ ರಬ್ಬರಿನಿಂದ ಹೊಡೆದು ಗೆಲ್ಲುವುದಕ್ಕಿಂತ ತಳ್ಳಿ ತಳ್ಳಿ ಎದುರಾಳಿಯನ್ನು ದಣಿಸಿ ಗೆಲ್ಲುವುದು ಸುಲಭವಾಗಿತ್ತು. ಹೊಡೆದವನು ತಪ್ಪುತ್ತಾನೆ, ಹೊಡೆಯದವನು ತಪ್ಪುವುದಿಲ್ಲ. ಇದನ್ನು ಎಲ್ಲರೂ ಕಂಡುಕೊಂಡಾಗ ಏನಾಯಿತೆಂಬುದಕ್ಕೆ 1936ರ ಪ್ರಾಗ್ ಸ್ಪರ್ಧೆಯೇ ಸಾಕ್ಷಿ. ಪೋಲೆಂಡಿನ ಎರ್ಲಿಖ್ ಮತ್ತು ರುಮೇನಿಯದ ಪಾನೆತ್ ಎಂಬಿಬ್ಬರ ಪಂದ್ಯದಲ್ಲಿ ಮೊದಲನೆಯ ಒಂದೇ ಒಂದು ಪಾಯಿಂಟು ಎರಡು ಗಂಟೆಗೂ ಮೀರಿ ನಡೆಯಿತು! ಎರಡು ಗಂಟೆಯೆಂದರೆ ನಮ್ಮ ಹೊಸಪೇಟೆಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಇಳಿದು ಕಾಫಿ ಕುಡಿಯುವ ಹೊತ್ತು. ಮರುವರ್ಷ ಬಾಡೆನ್ನಿನಲ್ಲಿ ಮಹಿಳೆಯರ ಫೈನಲ್ ಗೊತ್ತುಮಾಡಿದ ಕಾಲದೊಳಗೆ ಮುಗಿಯಲಿಲ್ಲವೆಂದು ಪ್ರಶಸ್ತಿಯನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟರು. ಅಮೆರಿಕೆಯ ರೂತ್ ಆರನ್ಸ್, ಆಸ್ಟ್ರಿಯದ ಟ್ರೂಡಿ ಪ್ರಿಟ್ಜಿ ಇಬ್ಬರನ್ನೂ ಜಂಟಿ ವಿಜೇತರೆಂದು ಘೋಷಿಸಿದ್ದು 2001ರಲ್ಲಿ, ಅಂದರೆ 64 ವರ್ಷ ಕಳೆದ ಮೇಲೆ.

ಒಂದೇ ಮಾರ್ಗ ಉಳಿದ ಆಟದ ಗತಿ ಇದು. ನಿಯಮ ಮಾಡುವವರು ಎಚ್ಚೆತ್ತು, 6¾ ಅಂಗುಲವಿದ್ದ ನೆಟ್ಟನ್ನು 6 ಅಂಗುಲಕ್ಕೆ ಇಳಿಸಿದರು. ಮುಕ್ಕಾಲು ಅಂಗುಲ ಕೇಳುವುದಕ್ಕೆ ಅಲ್ಪ. ಆದರೆ ಆ ಮುಕ್ಕಾಲು ಅಂಗುಲದ ಕಿಂಡಿಯಲ್ಲಿ ಹೊಡೆಯುವವರು ಮತ್ತೆ ಒಳಗೆ ಬಂದರು.

ಇನ್ನು ಮುಂಬಯಿ. 1952ರ ಫೆಬ್ರವರಿಯಲ್ಲಿ ಅಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ನಡೆದವು. ಏಷ್ಯಾ ಖಂಡದಲ್ಲಿ ಅದೇ ಮೊದಲು. ಜಪಾನು ಆ ಸ್ಪರ್ಧೆಗೆ ಬಂದದ್ದೂ ಅದೇ ಮೊದಲು. ಅವರ ತಂಡದಲ್ಲಿ ಹಿರೋಜಿ ಸಾತೋ ಎಂಬ ಕನ್ನಡಕಧಾರಿಯೊಬ್ಬನಿದ್ದನು. ಅವನ ಬ್ಯಾಟಿಗೆ ಮುಳ್ಳುರಬ್ಬರಿನ ಬದಲು ದಪ್ಪನಾದ ಸ್ಪಂಜು ಅಂಟಿಸಿತ್ತು. ಮುಳ್ಳುರಬ್ಬರಿನ ಬ್ಯಾಟಿಗೆ ತಗುಲಿದ ಚೆಂಡು ಟಕ್ಕೆಂದು ಕೂಗಿ ಹೇಳುತ್ತದೆ: ಈಗ ಹೊಡೆದ, ಇಷ್ಟು ಬಲವಾಗಿ ಹೊಡೆದ, ಸಿದ್ಧನಾಗು ಎಂದು. ಅಲ್ಲಿಯ ತನಕ ಎಲ್ಲ ಆಟಗಾರರೂ ತಮಗೆ ತಿಳಿಯದೆಯೇ ಈ ಟಕ್ ಟಕ್ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು. ಸ್ಪಂಜಾದರೋ ಚೆಂಡನ್ನು ಕ್ಷಣಕಾಲ ತನ್ನೊಳಗೆ ಮುಳುಗಿಸಿಕೊಂಡು, ಕವಣೆಯಂತೆ ಚಿಮ್ಮುತ್ತದೆ. ಸದ್ದು ಮಾತ್ರ ಇಲ್ಲ. ಚೆಂಡು ಹೊರಟದ್ದು ಕಿವಿಗೆ ತಿಳಿಯುವುದಿಲ್ಲ; ಕಣ್ಣಿಗೆ ತಿಳಿಯುವಷ್ಟರಲ್ಲಿ ಅದು ಪಕ್ಕದಲ್ಲಿ ಹಾಯ್ದುಹೋಗಿರುತ್ತದೆ. ಮೃದಂಗದವನು ಹಠಾತ್ತಾಗಿ ಕೈ ಎತ್ತಿಬಿಟ್ಟರೆ ಹಾಡುವವನಿಗೆ ಏನಾದೀತೋ, ಯೂರೋಪು ಅಮೆರಿಕೆಗಳ ಘಟಾನುಘಟಿಗಳಿಗೆ ಅಂದು ಅದೇ ಆಯಿತು.

ಸಾತೋ ಫೈನಲ್ಲಿನಲ್ಲಿ ಹಂಗೆರಿಯ ಯೋಸೆಫ್ ಕೋಚಿಯಾನನನ್ನು ಸೋಲಿಸಿ, ಪುರುಷರ ವಿಶ್ವ ಪ್ರಶಸ್ತಿಯನ್ನು ಗೆದ್ದ ಮೊದಲನೆಯ ಏಷ್ಯದವನಾದನು. ಅವನಿಂದ ಸೋತವರಲ್ಲಿ ಅಮೆರಿಕೆಯ ಮಾರ್ಟಿ ರೈಸ್‌ಮನ್ ಒಬ್ಬ. ಇವನ ಕಥೆ ನನಗೆ ಸಾತೋವಿನ ಕಥೆಗಿಂತಲೂ ಹೆಚ್ಚು ಹಿಡಿಸುತ್ತದೆ. ಆಗ ಅವನಿಗೆ 22 ವರ್ಷ, ಗೆಲ್ಲುವ ವಯಸ್ಸು. ಸ್ಪಂಜು ಬಂದ ಮೇಲೆ ಉಳಿದವರೆಲ್ಲ ಹೊಸ ಬ್ಯಾಟಿಗೆ ಒಗ್ಗಿಕೊಂಡರು. ರೈಸ್‌ಮನ್ ಮಾತ್ರ, ಸದ್ದಿಲ್ಲದ ಬ್ಯಾಟಿನಲ್ಲಿ ಇಬ್ಬರು ಆಟಗಾರರ ನಡುವಣ ಸಂಭಾಷಣೆಯೇ ನಿಂತುಹೋಯಿತೆಂದು ವಾದಿಸುತ್ತ, ಹಳೆಯ ಮುಳ್ಳುರಬ್ಬರಿನ ಪಕ್ಷವನ್ನು ಜೀವಮಾನವಿಡೀ ಹಿಡಿದನು. 1997ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಹಳೆಯ ಬ್ಯಾಟಿನ ಅಮೆರಿಕನ್ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದನು. 2012ರಲ್ಲಿ ತೀರಿಕೊಂಡನು. ಹಟಮಾರಿ ಎನ್ನುವವರು ಎನ್ನಲಿ; ನಡುಗನ್ನಡದ ಷಟ್ಪದಿಯ ಕಾಲದಲ್ಲಿ ಚಂಪುವನ್ನೇ ಬರೆಯುತ್ತಿದ್ದವರ ಮೇಲೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ.

ಸಾತೋ ಮತ್ತೆ ವಿಶ್ವ ಪ್ರಶಸ್ತಿ ಗೆಲ್ಲಲಿಲ್ಲ. ಅವನ ಉಪಾಯ ಎಲ್ಲರದೂ ಆಯಿತು. ಕೆಲವರು ಸ್ಪಂಜನ್ನು ಮತ್ತಷ್ಟು ದಪ್ಪ ಮಾಡಿದರು. ಇದು ಆಟವೋ ಚಿಮ್ಮುಹಲಗೆಯ ಸ್ಪರ್ಧೆಯೋ ಎಂಬ ಶಂಕೆ ಹುಟ್ಟಿತು. ಕೊನೆಗೆ 1959ರಲ್ಲಿ ಫೆಡರೇಷನ್ನಿನವರು ಒಂದು ರಾಜಿ ಮಾಡಿದರು. ಬರಿಯ ಸ್ಪಂಜು ನಿಷಿದ್ಧ. ಸ್ಪಂಜಿನ ಮೇಲೆ ರಬ್ಬರು ಹೊದಿಸಿದರೆ ಎರಡೂ ಸೇರಿ 4 ಮಿಲಿಮೀಟರು ಮೀರಕೂಡದು. ಸ್ಪಂಜಿಲ್ಲದ ಮುಳ್ಳುರಬ್ಬರಾದರೆ 2 ಮಿಲಿಮೀಟರು. ರಬ್ಬರಿನ ಮುಳ್ಳನ್ನು ಹೊರಗೆ ಮಾಡಬಹುದು, ಒಳಗೆ ಮಾಡಿ ನುಣುಪಾದ ಬೆನ್ನನ್ನು ಹೊರಗೂ ಇಡಬಹುದು. ನೋಡುವುದಕ್ಕೆ ಒಣ ಅಳತೆಯ ಲೆಕ್ಕ. ಆದರೆ ನನ್ನ ಅಭಿಪ್ರಾಯದಲ್ಲಿ ಈ ಆಟದ ಮಾರ್ಗಭೇದವನ್ನು ಕಾಪಾಡಿದ ಶಾಸನ ಇದೇ. ಅವರು ಸ್ಪಂಜನ್ನು ಪೂರ್ತಿಯಾಗಿ ಓಡಿಸಿದ್ದರೆ ಹಳೆಯದೊಂದೇ ಉಳಿಯುತ್ತಿತ್ತು. ಪೂರ್ತಿಯಾಗಿ ಬಿಟ್ಟಿದ್ದರೆ ಹೊಸದೊಂದೇ ಉಳಿಯುತ್ತಿತ್ತು. ಅಳತೆ ಹಾಕಿ ಬಿಟ್ಟದ್ದರಿಂದ ಹತ್ತಾರು ಬಗೆಗೆ ಎಡೆಯಾಯಿತು. ವಿಜಯ ವಿಠಲ ದೇವಾಲಯದ ಸಂಗೀತದ ಕಂಬಗಳನ್ನು ತಾವು ಕಂಡಿರಬಹುದು; ಈಗ ಮುಟ್ಟಿ ನುಡಿಸುವಂತಿಲ್ಲ, ಅದು ಸರಿಯೇ. ಒಂದೇ ಕಲ್ಲಿನಲ್ಲಿ ಕಡೆದ ಸಣ್ಣ ಸಣ್ಣ ಕಂಬಗಳು ಒಂದೊಂದೂ ಒಂದೊಂದು ನಾದ ಕೊಡುವುದು ಅವುಗಳ ಗಾತ್ರದ ವ್ಯತ್ಯಾಸದಿಂದ. ಬ್ಯಾಟಿನ ರಬ್ಬರಿನ ವಿಷಯವೂ ಹಾಗೆ. ಕೂದಲೆಳೆಯ ದಪ್ಪ ಬದಲಾದರೆ ಆಟದ ನಾದವೇ ಬೇರೆ.

ಬ್ಯಾಟಿಗೆ ಅಂಟಿಸಿದ್ದರಷ್ಟೇ ಭೇದವೂ ಅದನ್ನು ಹಿಡಿಯುವುದರಲ್ಲಿದೆ. ಯೂರೋಪಿನವರು ಹಿಡಿಯುವುದು ಕೈಕುಲುಕುವಂತೆ. ಚೀನ, ಜಪಾನು, ಕೊರಿಯಗಳಲ್ಲಿ ಬಹುಕಾಲ ಪ್ರಬಲವಾಗಿದ್ದದ್ದು ಲೇಖನಿ ಹಿಡಿದಂತೆ ಹಿಡಿಯುವ ಪದ್ಧತಿ, ಪೆನ್‌ಹೋಲ್ಡ್. ಹಾಗೆ ಹಿಡಿದರೆ ಮಣಿಕಟ್ಟು ಸಲೀಸಾಗಿ ಆಡುತ್ತದೆ, ಬಲಬದಿಯ ಏಟಿಗೆ ಮೊನಚು ಬರುತ್ತದೆ. ಎಡಬದಿ ಮಾತ್ರ ಬಡವಾಗುತ್ತದೆ. ಸಾತೋ ಹಿಡಿಯುತ್ತಿದ್ದದ್ದು ಹೀಗೆಯೇ. 1959ರಲ್ಲಿ ಚೀನಕ್ಕೆ ಯಾವ ಆಟದಲ್ಲಾದರೂ ಮೊಟ್ಟಮೊದಲನೆಯ ವಿಶ್ವ ಪ್ರಶಸ್ತಿಯನ್ನು ತಂದ ರೊಂಗ್ ಗುವೊತುವಾನ್, 1961, 1963, 1965ರಲ್ಲಿ ಮೂರು ಸಲ ಒಂದೇ ಸಮನೆ ಗೆದ್ದ ಜುವಾಂಗ್ ಜೆದೊಂಗ್ ಇವರೂ ಲೇಖನಿಯವರೇ.

ಹಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿ, ಯಾರೂ ಕಲಿಸದೆ, ಬ್ಯಾಟನ್ನು ಬಳಪದಂತೆ ಹಿಡಿದು ಆಡುತ್ತಿದ್ದಳು. ಎರಡು ಬೆಂಚು ಜೋಡಿಸಿ ಇಟ್ಟಿಗೆಯ ಸಾಲನ್ನೇ ನೆಟ್ಟು ಮಾಡಿಕೊಂಡ ಆ ಮೇಜಿನ ಮೇಲೆ ಹುಡುಗರೂ ಅವಳಿಗೆ ಸೋಲುತ್ತಿದ್ದರು. ಕ್ರೀಡೆಯ ಹೊಣೆ ಹೊತ್ತಿದ್ದವರು ಅವಳ ಹಿಡಿತ ತಪ್ಪೆಂದು ತಿದ್ದಿದರು. ತಿದ್ದಿದ ಮೇಲೆ ಅವಳ ಆಟ ಹಾಳಾಯಿತು, ತಿಂಗಳೊಳಗೆ ಅವಳು ಬೆಂಚಿನ ಹತ್ತಿರ ಬರುವುದನ್ನೇ ಬಿಟ್ಟಳು. ಹಾಗೆ ಹಿಡಿದೇ ವಿಶ್ವವನ್ನು ಗೆದ್ದವರಿದ್ದಾರೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಶಿಕ್ಷಕ ವೃತ್ತಿಯಲ್ಲಿರುವ ವಾಚಕರು ಇದನ್ನು ದಯವಿಟ್ಟು ಗಮನಿಸಬೇಕು.

ಚೀನೀಯರು ಈ ವಿಷಯದಲ್ಲಿ ಜಾಣರು. 1960ರ ಸುಮಾರಿಗೆ ಜಪಾನಿನವರು ನುಣುಪು ರಬ್ಬರಿನಿಂದ ಚೆಂಡಿಗೆ ಭಯಂಕರವಾದ ಮೇಲ್ಸುತ್ತು ಕೊಡುವ ಲೂಪ್ ಎಂಬ ಏಟನ್ನು ಕಂಡುಹಿಡಿದರು. ಚೀನೀಯರು ತಮ್ಮವರಲ್ಲೇ ಕೆಲವರಿಗೆ ಆ ಏಟನ್ನು ಕಲಿಸಿ, ಎದುರಿಗೆ ನಿಲ್ಲಿಸಿ, ಉಳಿದವರಿಂದ ಅಭ್ಯಾಸ ಮಾಡಿಸಿದರು. ಒಂದೇ ತಂಡದೊಳಗೆ ಮೇಜಿಗೆ ಅಂಟಿ ಹೊಡೆಯುವವರನ್ನೂ ದೂರ ನಿಂತು ಚಾಪ್ ಮಾಡುವವರನ್ನೂ ಸಾಕಿದರು. ಜಾಂಗ್ ಶಿಯೇಲಿನ್ ಎಂಬಾತ ಲೇಖನಿಯ ಹಿಡಿತದಲ್ಲೇ, ಉದ್ದ ಪಿಂಪಲ್ಲಿನ ರಬ್ಬರಿನಿಂದ, ಚಾಪ್ ಮಾಡಿ ಮಹಾಮಹಾ ಹೊಡೆತಗಾರರನ್ನು ಕಂಗೆಡಿಸಿದನು.

ಈ ಉದ್ದ ಪಿಂಪಲ್ಲಿನ ಗುಟ್ಟು ಸ್ವಾರಸ್ಯವಾಗಿದೆ. ಅದರ ಮುಳ್ಳುಗಳು ಮೆತ್ತಗೆ, ಉದ್ದವಾಗಿ ಇರುವುದರಿಂದ ಚೆಂಡು ತಾಗಿದೊಡನೆ ಬಾಗಿಬಿಡುತ್ತವೆ, ಚೆಂಡನ್ನು ಹಿಡಿಯುವುದಿಲ್ಲ. ಹೀಗಾಗಿ ಚೆಂಡು ಯಾವ ದಿಕ್ಕಿಗೆ ಸುತ್ತುತ್ತ ಬಂತೋ ಬಹುಮಟ್ಟಿಗೆ ಅದೇ ದಿಕ್ಕಿಗೆ ಸುತ್ತುತ್ತ ಹಿಂದಿರುಗುತ್ತದೆ. ಹೊಡೆದವನು ಕಳಿಸಿದ ಮೇಲ್ಸುತ್ತೇ ಅವನ ಕಡೆಗೆ ಮರಳುವಾಗ ಕೆಳಸುತ್ತಾಗಿರುತ್ತದೆ. ಎಷ್ಟು ಬಲವಾಗಿ ಹೊಡೆದನೋ ಅಷ್ಟೇ ಬಲವಾದ ತೊಂದರೆ ಅವನಿಗೆ ವಾಪಸು. ಭಸ್ಮಾಸುರನ ಕೈ ಅವನ ತಲೆಯ ಮೇಲೆಯೇ!

ಆ ದಶಕಗಳಲ್ಲಿ ನಮ್ಮ ನಾಡಿನವರೂ ಸುಮ್ಮನೆ ಕುಳಿತಿರಲಿಲ್ಲ. ಆಗಿನ ಮೈಸೂರು ರಾಜ್ಯದ ಉಷಾ ಸುಂದರರಾಜ್ ಅವರು ರಾಷ್ಟ್ರೀಯ ಚಾಂಪಿಯನ್ ಆಗಿ ಮೆರೆದು 1966ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅರ್ಜುನ ಪ್ರಶಸ್ತಿ ಹುಟ್ಟಿ ಆಗಿನ್ನೂ ಐದೇ ವರ್ಷ.

1970ರ ದಶಕದಲ್ಲಿ ಮಾರ್ಗಭೇದ ಮಾಯಾವಿದ್ಯೆಯಾಗಿ ಬೆಳೆಯಿತು. ಬ್ಯಾಟಿನ ಒಂದು ಬದಿಗೆ ಚೆಂಡನ್ನು ಕಚ್ಚಿ ಹಿಡಿಯುವ ರಬ್ಬರು, ಇನ್ನೊಂದು ಬದಿಗೆ ಹಿಡಿಯದೆ ಜಾರಿಸುವ ರಬ್ಬರು, ಎರಡಕ್ಕೂ ಒಂದೇ ಬಣ್ಣ. ಮೇಜಿನ ಕೆಳಗೆ ಬ್ಯಾಟನ್ನು ಗಿರ್ರನೆ ತಿರುಗಿಸಿ ಯಾವ ಬದಿಯಿಂದ ಹೊಡೆದೆನೆಂಬುದನ್ನೇ ಮರೆಮಾಚುತ್ತಿದ್ದರು. ಕಣ್ಣಿಗೆ ತಿಳಿಯುವಂತಿರಲಿಲ್ಲ, ಆದ್ದರಿಂದ ಎದುರಾಳಿಗಳು ಮತ್ತೆ ಕಿವಿಯ ಮೊರೆಹೊಕ್ಕರು. ಎರಡು ರಬ್ಬರುಗಳ ಸದ್ದು ಬೇರೆ ಬೇರೆಯಲ್ಲವೆ? ಇದನ್ನು ಅರಿತ ಮಾಯಾವಿಗಳು ಸರ್ವೀಸ್ ಮಾಡುವ ಕ್ಷಣಕ್ಕೆ ಸರಿಯಾಗಿ ನೆಲಕ್ಕೆ ಕಾಲನ್ನು ಧಡ್ಡೆಂದು ಅಪ್ಪಳಿಸಿ ಆ ಸದ್ದನ್ನೂ ನುಂಗಿಸಿಬಿಡುತ್ತಿದ್ದರು. ನೋಡುವವರಿಗೆ ಇದು ಯಕ್ಷಗಾನದ ಪ್ರವೇಶದಂತೆ ಕಂಡಿರಬೇಕು. 1983ರಲ್ಲಿ ಎರಡು ಬದಿಗೂ ಬೇರೆ ಬೇರೆ ಬಣ್ಣವಿರಬೇಕೆಂದು ಗೊತ್ತುಮಾಡಿದರು. 1986ರಲ್ಲಿ ಒಂದು ಕೆಂಪು, ಒಂದು ಕಪ್ಪು ಎಂದು ಖಚಿತಪಡಿಸಿದರು. ಇಲ್ಲಿಯೂ ಆ ರಬ್ಬರನ್ನು ನಿಷೇಧಿಸಲಿಲ್ಲ, ಮೋಸವನ್ನು ಮಾತ್ರ ನಿಷೇಧಿಸಿದರು ಎಂಬುದು ಗಮನಾರ್ಹ. 2021ರಿಂದ ಕಪ್ಪಿನ ಜೊತೆಗೆ ಕೆಂಪಿನ ಬದಲು ಹಸುರು, ನೀಲಿ, ನೇರಳೆ, ಗುಲಾಬಿ ಬಣ್ಣಗಳಿಗೂ ಅನುಮತಿ ಸಿಕ್ಕಿದೆ.

1988ರಲ್ಲಿ ಆಟ ಒಲಿಂಪಿಕ್ಸನ್ನು ಪ್ರವೇಶಿಸಿತು. ಹಣ ಬಂತು, ಲೀಗುಗಳು ಬೆಳೆದವು, ಆಟವೇ ಹೊಟ್ಟೆಪಾಡಾದವರು ಹೆಚ್ಚಿದರು. ಸ್ವೀಡನ್ನಿನವರು 1989ರಲ್ಲಿ ಚೀನವನ್ನು 5-0ಯಿಂದ ಮಣಿಸಿ ತಂಡಪ್ರಶಸ್ತಿ ಗೆದ್ದಾಗ, ಕೈಕುಲುಕುವ ಹಿಡಿತದಿಂದ ಎರಡು ಬದಿಯಲ್ಲೂ ಲೂಪ್ ಮಾಡುವ ಅವರ ಪದ್ಧತಿಯೇ ಲೋಕಕ್ಕೆಲ್ಲ ಪಾಠವಾಯಿತು. ಕರ್ನಾಟಕದ ಚೇತನ್ ಬಾಬೂರ್ ಆ ಸ್ವೀಡನ್ನಿನ ಲೀಗಿನಲ್ಲಿಯೇ ಆಡಿ ಪಳಗಿದವರು. 1997ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆಟ ಕಲಿಯಬೇಕಾದರೆ ಹಿಮದ ದೇಶಕ್ಕೆ ಹೋಗಿ ವಾಸಮಾಡಬೇಕಾದ ಕಾಲ ಅದು. ಚೀನೀಯರೂ ತಮ್ಮ ಲೇಖನಿಯ ಹಿಡಿತವನ್ನು ಬಿಡದೆ ಅದರ ಬಡ ಬದಿಯನ್ನು ರಿಪೇರಿ ಮಾಡಿದರು. ಬ್ಯಾಟಿನ ಹಿಂಭಾಗಕ್ಕೂ ರಬ್ಬರು ಅಂಟಿಸಿ, ಅದರಿಂದಲೇ ಎಡಬದಿಯ ಚೆಂಡನ್ನು ಹೊಡೆಯುವುದನ್ನು ಲಿಯು ಗುವೊಲಿಯಾಂಗ್ ಬಳಕೆಗೆ ತಂದನು, ವಾಂಗ್ ಹಾವೊ ಪೂರ್ಣಗೊಳಿಸಿದನು. 2004ರ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ಇದೇ ವಾಂಗ್ ಹಾವೊನನ್ನು, ಹಳೆಯ ರೀತಿಯಲ್ಲಿ ಒಂದೇ ಬದಿಯಿಂದ ಹೊಡೆಯುವ ಕೊರಿಯದ ರ್ಯೂ ಸುಂಗ್‌ಮಿನ್ ಸೋಲಿಸಿದ್ದೂ ಉಂಟು.

ಹೀಗಿದ್ದರೂ ಒಂದು ಭಯ ಬಲ್ಲವರನ್ನು ಕಾಡುತ್ತ ಬಂದಿದೆ. 2000ದಲ್ಲಿ ಚೆಂಡಿನ ಅಡ್ಡಳತೆ 38ರಿಂದ 40 ಮಿಲಿಮೀಟರಿಗೆ ಏರಿತು. 2001ರಲ್ಲಿ ಗೇಮು 21ರಿಂದ 11 ಪಾಯಿಂಟಿಗೆ ಇಳಿಯಿತು. 2008ರಲ್ಲಿ ವೇಗ ಹೆಚ್ಚಿಸುವ ಅಂಟನ್ನು ನಿಲ್ಲಿಸಿದರು. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಹೊಸ ಚೆಂಡಿಗೆ ಸುತ್ತು ಕಡಿಮೆ ಹತ್ತುತ್ತದೆ. ದೂರ ನಿಂತು ಚಾಪ್ ಮಾಡುವವರ ಅಸ್ತ್ರವೇ ಸುತ್ತು. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಫೈನಲ್ಲಿನ ತನಕ ಚಾಪ್ ಮಾಡುತ್ತಲೇ ನಡೆದ ಕೊರಿಯದ ಜೂ ಸೆ-ಹ್ಯುಕ್‌ನಂಥವರು ಪುರುಷರಲ್ಲಿ ತೀರ ವಿರಳರಾಗಿದ್ದಾರೆ. ಈಗಿನ ತರಬೇತಿ ಶಾಲೆಗಳಲ್ಲಿ ಬಹುಪಾಲು ಮಕ್ಕಳಿಗೆ ಕಲಿಸುವುದು ಎರಡೂ ಬದಿಗೆ ನುಣುಪು ರಬ್ಬರು, ಕೈಕುಲುಕುವ ಹಿಡಿತ, ಮೇಜಿನ ಹತ್ತಿರ ನಿಂತು ಎರಡು ಕಡೆಯಿಂದಲೂ ಮೇಲ್ಸುತ್ತು. ಅದೇ ಅಚ್ಚು, ಅದೇ ಬೆಲ್ಲ. ಪ್ರಾಗ್ ನಗರದಲ್ಲಿ ಎಲ್ಲರೂ ತಳ್ಳುವವರೇ ಆಗಿದ್ದರು. ಈಗ ಎಲ್ಲರೂ ಹೊಡೆಯುವವರೇ ಆದರೆ ಕೇಡು ಕಡಿಮೆಯೇನಲ್ಲ, ಬೇಗ ಮುಗಿಯುತ್ತದೆ ಅಷ್ಟೆ.

ಅಚ್ಚಿಗೆ ಹೊಂದದವರು ಇಲ್ಲದೆ ಹೋಗಿಲ್ಲವೆಂಬುದೇ ಸಮಾಧಾನ. ಚೀನದ ದೆಂಗ್ ಯಾಪಿಂಗ್ 5 ಅಡಿ ಎತ್ತರವನ್ನು ಮುಟ್ಟದ ಹುಡುಗಿ. ಕುಳ್ಳಿಯೆಂದು ಪ್ರಾಂತದ ತಂಡದವರು ಬೇಡವೆಂದರು. ಕೈ ಚಾಚಿದರೆ ಎಟುಕದ ಚೆಂಡನ್ನು ಹತ್ತಿರದಲ್ಲೇ ತಡೆಯಬೇಕೆಂದು ಎಡಬದಿಗೆ ಉದ್ದ ಪಿಂಪಲ್ಲು ಹಾಕಿಕೊಂಡು, ಬಲಬದಿಯಿಂದ ಸಿಡಿಲಿನಂತೆ ಹೊಡೆಯುವ ತನ್ನದೇ ಮಾರ್ಗವನ್ನು ಈಕೆ ಕಟ್ಟಿಕೊಂಡಳು. 1992 ಮತ್ತು 1996ರ ಒಲಿಂಪಿಕ್ಸುಗಳಲ್ಲಿ ಸಿಂಗಲ್ಸ್, ಡಬಲ್ಸ್ ಸೇರಿ ನಾಲ್ಕು ಚಿನ್ನ ಗೆದ್ದಳು. ನಮ್ಮ ದೇಶದ ಮಣಿಕಾ ಬಾತ್ರಾ ಅವರು ಉದ್ದ ಪಿಂಪಲ್ಲಿನ ಬಲದಿಂದಲೇ 2018ರಲ್ಲಿ ಕಾಮನ್‌ವೆಲ್ತ್ ಕ್ರೀಡೆಯ ಸಿಂಗಲ್ಸ್ ಚಿನ್ನವನ್ನು ತಂದರು. 2024ರ ಫೆಬ್ರವರಿಯಲ್ಲಿ ಬುಸಾನಿನ ವಿಶ್ವ ತಂಡಸ್ಪರ್ಧೆಯಲ್ಲಿ ಬಂಗಾಳದ ಐಹಿಕಾ ಮುಖರ್ಜಿಯವರು ಎಡಬದಿಯ ವಿಚಿತ್ರ ರಬ್ಬರಿನಿಂದ, ಆಗ ಲೋಕದ ಮೊದಲನೆಯ ಸ್ಥಾನದಲ್ಲಿದ್ದ ಸುನ್ ಯಿಂಗ್‌ಷಾಳನ್ನು ಸೋಲಿಸಿದರು. ತಂಡಪಂದ್ಯದಲ್ಲಿ ಭಾರತ 2-3ರಿಂದ ಸೋತಿತು. ಆದರೂ ಚೀನದಂಥ ತಂಡಕ್ಕೆ ಬೆವರು ಹರಿಯಿತು.

ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪುರುಷರ ಸಿಂಗಲ್ಸ್ ಪದಕ ಪಡೆದ ಮೂವರನ್ನು ನೋಡಿ. ಚಿನ್ನ ಚೀನದ ಫಾನ್ ಜೆಂದೊಂಗ್‌ಗೆ, ಈತ ಈಗಿನ ಅಚ್ಚಿನ ಅತ್ಯುತ್ತಮ ಪ್ರತಿ. ಬೆಳ್ಳಿ ಸ್ವೀಡನ್ನಿನ ಟ್ರೂಲ್ಸ್ ಮೋರೆಗೋರ್ದ್‌ಗೆ, ಇವನ ಬ್ಯಾಟು ದುಂಡಗಿಲ್ಲ, ಆರು ಮೂಲೆಯದು. ಕಂಚು ಫ್ರಾನ್ಸಿನ ಫೆಲಿಕ್ಸ್ ಲೆಬ್ರೂನ್‌ಗೆ. ಯೂರೋಪಿನಲ್ಲಿ ಹುಟ್ಟಿದ ಈ ಹುಡುಗ ಹಿಡಿಯುವುದು ಚೀನದ ಲೇಖನಿಯ ಹಿಡಿತ! ಮಹಿಳೆಯರಲ್ಲಿ ಲಕ್ಸೆಂಬರ್ಗಿನ ಪರವಾಗಿ ನಿ ಶಿಯಾಲಿಯನ್ ಎಂಬಾಕೆ 61ನೆಯ ವಯಸ್ಸಿನಲ್ಲಿ ಕಣಕ್ಕಿಳಿದು, ಲೇಖನಿಯ ಹಿಡಿತ ಹಾಗೂ ಉದ್ದ ಪಿಂಪಲ್ಲಿನಿಂದ ಮೊದಲನೆಯ ಸುತ್ತನ್ನು ಗೆದ್ದೂ ಗೆದ್ದರು. ಮುಂದಿನ ಸುತ್ತಿನಲ್ಲಿ ಅವರನ್ನು ತಡೆದದ್ದು ಅದೇ ಸುನ್ ಯಿಂಗ್‌ಷಾ, ವಯಸ್ಸು 23.

ಒಲಿಂಪಿಕ್ಸಿನ ಮಹಿಳಾ ತಂಡಸ್ಪರ್ಧೆಗೆ ಭಾರತ ಅರ್ಹತೆ ಪಡೆದದ್ದು ಅದೇ ಮೊದಲು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು. 2018ರ ಯುವ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ, ಮರುವರ್ಷ 18ನೆಯ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆದವರು. ಕಾದು ಕುಳಿತುಕೊಳ್ಳುವ ಜಾಯಮಾನದವರಲ್ಲ, ಮುನ್ನುಗ್ಗಿ ಹೊಡೆಯುವವರು. ರುಮೇನಿಯವನ್ನು 3-2ರಿಂದ ದಾಟಿ ಕ್ವಾರ್ಟರ್ ಫೈನಲ್ ಮುಟ್ಟಿದ ಭಾರತ ಅಲ್ಲಿ ಜರ್ಮನಿಗೆ 1-3ರಿಂದ ಸೋತಿತು. ಆ ಒಂದು ಗೆಲುವು ಅರ್ಚನಾ ಅವರದು. ಅನುಭವಸ್ಥೆಯಾದ ಷಾನ್ ಶಿಯಾವೊನಾ ಅವರ ಎದುರಿಗೆ ಬಂದದ್ದು. ಅದಾದ ಕೆಲವೇ ವಾರಗಳಲ್ಲಿ ಅವರು ಆಟವನ್ನು ಬದಿಗಿಟ್ಟು ಓದುವುದಕ್ಕಾಗಿ ಅಮೆರಿಕೆಗೆ ಹೊರಟರು. ಆಗ ಅವರಿಗೆ 24 ವರ್ಷ.